ಗೋದಾಮಿಗೆ ಆರ್‌ಎಫ್‌ಐಡಿ ಹಾಕಿಸಬೇಕು, ಬಳಸಿದವರು ಹೇಳಿ

ಪ್ರಶ್ನೆ: ನಮ್ಮದು ವಿತರಣಾ ಗೋದಾಮು. ಬಟ್ಟೆ, ಶಾಂಪೂ, ಎಣ್ಣೆ ಡಬ್ಬ ಎಲ್ಲ ಒಂದೇ ಸೂರಿನಡಿ ಇವೆ. ಲೋಡಿಂಗ್ ಬಾಗಿಲಲ್ಲಿ ಒಂದೊಂದೇ ಪೆಟ್ಟಿಗೆಯ ಬಾರ್‌ಕೋಡ್ ಸ್ಕ್ಯಾನ್ ಮಾಡೋದರಲ್ಲೇ ಹೊತ್ತು ಹೋಗುತ್ತೆ. ಆರ್‌ಎಫ್‌ಐಡಿಗೆ (ರೇಡಿಯೊ ಅಲೆಯಿಂದ ದೂರದಿಂದಲೇ ಹಲವು ಪೆಟ್ಟಿಗೆ ಒಟ್ಟಿಗೆ ಓದುವ ವ್ಯವಸ್ಥೆ) ಬದಲಾಗೋದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಬಟ್ಟೆಯಿಂದಲೇ ಶುರು ಮಾಡಿ ಸರ್, ಉಳಿದಿದ್ದು ಆಮೇಲೆ. ಗೋದಾಮಿನಲ್ಲಿ ಸಾಮಾನ್ಯವಾಗಿ ಬಳಸೋದು 860ರಿಂದ 960 ಮೆಗಾಹರ್ಟ್ಸ್ ನಡುವಿನ ರೇಡಿಯೊ ಅಲೆಯಲ್ಲಿ ಕೆಲಸ ಮಾಡುವ ಯುಎಚ್‌ಎಫ್ ಟ್ಯಾಗ್, ಅಂದರೆ ಪೆಟ್ಟಿಗೆಗೆ ಅಂಟಿಸುವ ಚಿಪ್ ಇರೋ ಚೀಟಿ. ಅದರಲ್ಲಿ ಬ್ಯಾಟರಿ ಇರಲ್ಲ, ರೀಡರ್ (ಟ್ಯಾಗ್ ಓದುವ ಯಂತ್ರ) ಕಳಿಸುವ ಅಲೆಯಿಂದಲೇ ಚಿಪ್‌ಗೆ ಜೀವ ಬರೋದು. ಬಟ್ಟೆ ಆ ಅಲೆಯನ್ನು ಸಲೀಸಾಗಿ ಹಾದುಹೋಗಲು ಬಿಡುತ್ತೆ. ನೀರಿನ ಅಂಶ ಇರೋ ಶಾಂಪೂ ಹೀರಿಕೊಳ್ಳುತ್ತೆ. ಎಣ್ಣೆಯ ವಿಷಯದಲ್ಲಿ ಎಣ್ಣೆಗಿಂತ ತಗಡಿನ ಡಬ್ಬವೇ ತೊಂದರೆ, ಲೋಹ ಅಲೆಯನ್ನು ವಾಪಸ್ ಎಸೆಯುತ್ತೆ. ಡಬ್ಬದ ಮೇಲೇ ಅಂಟಿಸೋದಾದರೆ ಲೋಹಕ್ಕಂತಲೇ ಮಾಡಿದ ಟ್ಯಾಗ್ ಬೇಕು.

ನಮ್ಮಲ್ಲಿ ಶಾಂಪೂ ಪ್ಯಾಲೆಟ್ (ಪೆಟ್ಟಿಗೆ ಪೇರಿಸಿದ ಹಲಗೆ) ರೀಡರ್ ಇರೋ ಗೇಟ್ ದಾಟಿದಾಗ ಹೊರಸುತ್ತಿನ ಪೆಟ್ಟಿಗೆಗಳು ಮಾತ್ರ ಓದಿಸಿಕೊಳ್ಳುತ್ತಿದ್ದವು, ಒಳಗಿನವು ಇಲ್ಲವೇ ಇಲ್ಲ. ಆಂಟೆನಾ ಅತ್ತಿತ್ತ ತಿರುಗಿಸಿ ದಿನಗಳೇ ಹೋದವು. ಕೊನೆಗೆ ಪೆಟ್ಟಿಗೆ ಬಿಚ್ಚಿ ನೋಡಿದೆವು: ಟ್ಯಾಗ್ ಅಂಟಿಸಿದ್ದ ಜಾಗಕ್ಕೆ ಸರಿಯಾಗಿ ಒಳಗೆ ಬಾಟಲಿಯ ಹೊಟ್ಟೆ ತಾಗಿಕೊಂಡಿತ್ತು. ಬಾಟಲಿಯ ಕತ್ತಿನ ಸುತ್ತ ಸ್ವಲ್ಪ ಖಾಲಿ ಜಾಗ ಇರುತ್ತಲ್ಲ, ಆ ಎತ್ತರಕ್ಕೆ ಟ್ಯಾಗ್ ಸರಿಸಿದೆವು. ನಡುವಿನ ಒಂದೆರಡು ಪೆಟ್ಟಿಗೆ ಈಗಲೂ ತಪ್ಪುತ್ತವೆ, ಆದರೆ ಮೊದಲಿನ ಗೋಳಿಲ್ಲ. ಆದ್ದರಿಂದ ಮಾರುವವರು ತಂದ ಮಾದರಿ ಪೆಟ್ಟಿಗೆ ನೋಡಿ ಒಪ್ಪಬೇಡಿ. ನಿಮ್ಮ ಸರಕು, ನಿಮ್ಮ ಬಾಗಿಲು, ನಿಮ್ಮ ಫೋರ್ಕ್‌ಲಿಫ್ಟ್ (ಸರಕು ಎತ್ತಿ ಸಾಗಿಸುವ ಗಾಡಿ) ಇಟ್ಟೇ ಪರೀಕ್ಷೆ ಮಾಡಿಸಿ.

ಉತ್ತರ: ಮೇಲಿನವರು ಹೇಳಿದ್ದು ಓದದಿರುವ ಕಷ್ಟ. ನಾನು ಅನುಭವಿಸಿದ್ದು ಬೇಡದ್ದನ್ನು ಓದುವ ಕಷ್ಟ, ಇದು ಇನ್ನೂ ದೊಡ್ಡದು. ಬಾಗಿಲ ಪಕ್ಕ ಸುಮ್ಮನೆ ನಿಲ್ಲಿಸಿದ್ದ ಪ್ಯಾಲೆಟ್ ಲಾರಿ ಹತ್ತಿತು ಅಂತ ದಾಖಲಾಗುತ್ತಿತ್ತು. ಸರಕು ಕಣ್ಣೆದುರೇ ಇದೆ, ಲೆಕ್ಕದಲ್ಲಿ ಇಲ್ಲ! ರೀಡರ್‌ನ ಪವರ್ ಇಳಿಸಿದೆವು, ಎರಡು ಬಾಗಿಲ ನಡುವೆ ಅಲೆ ತಡೆಯುವ ಲೋಹದ ಪರದೆ ಹಾಕಿದೆವು. ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದ್ದು ಸೆನ್ಸರ್. ಫೋರ್ಕ್‌ಲಿಫ್ಟ್ ಅಡ್ಡ ಬಂದಾಗ ಮಾತ್ರ ರೀಡರ್ ಚಾಲೂ ಆಗುತ್ತೆ. ಜೊತೆಗೆ ನೆಲಕ್ಕೆ ಹಳದಿ ಗೆರೆ ಎಳೆದು, ಅದರೊಳಗೆ ಯಾರೂ ಸರಕು ಇಳಿಸಬಾರದು ಅಂತ ಮಾಡಿದೆವು. ಲೋಡ್ ಮಾಡುವ ಹುಡುಗರನ್ನು ಕೂರಿಸಿ ಕಾರಣ ವಿವರಿಸಿದ ಮೇಲೇ ಅದು ಪಾಲನೆಗೆ ಬಂತು.

ಉತ್ತರ: ಸಾಫ್ಟ್‌ವೇರ್ ಕಡೆಯಿಂದ ಎರಡು ಮಾತು. ಪ್ಯಾಲೆಟ್ ಗೇಟಲ್ಲಿ ನಿಂತಷ್ಟು ಹೊತ್ತು ಒಂದೇ ಟ್ಯಾಗ್ ಮತ್ತೆ ಮತ್ತೆ ಓದಾಗುತ್ತೆ. ಅದನ್ನು ಸೋಸದೆ ಸ್ಟಾಕ್ ವ್ಯವಸ್ಥೆಗೆ ಬಿಡಬೇಡಿ. ಓದಿದ್ದನ್ನು ಆ ಲಾರಿಯ ಆರ್ಡರ್ ಜೊತೆ ತಾಳೆ ನೋಡಿ, ಕಡಿಮೆ ಬಿದ್ದರೆ ಬಾಗಿಲಲ್ಲೇ ಕೆಂಪು ದೀಪ ಹತ್ತುವ ಹಾಗೆ ಮಾಡಿಸಿ. ಬಾರ್‌ಕೋಡ್ ತೆಗೆಯಬೇಡಿ, ಅದೇ ಲೇಬಲ್ ಮೇಲೆ ಮುದ್ರಿಸಿ. ಚಿಪ್ ಸತ್ತಾಗ ಕೈಯಲ್ಲಿ ಸ್ಕ್ಯಾನ್ ಮಾಡಬಹುದು.

ಇನ್ನೊಂದು, ಟ್ಯಾಗಿಗೆ ನಂಬರ್ ಬರೆಯುವವರನ್ನು ಖುದ್ದಾಗಿ ವಿಚಾರಿಸಿ. ನಮ್ಮಲ್ಲಿ ಹಳೇ ಅಭ್ಯಾಸದಂತೆ ಉತ್ಪನ್ನದ ಬಾರ್‌ಕೋಡ್ ನಂಬರನ್ನೇ ಎಲ್ಲ ಟ್ಯಾಗಿಗೂ ಬರೆದಿದ್ದರು. ಪ್ರತಿ ಪೆಟ್ಟಿಗೆಗೂ ಬೇರೆ ಸೀರಿಯಲ್ ನಂಬರ್ ಇರಬೇಕಿತ್ತು. ಗೇಟ್ ದಾಟಿದ್ದು 40 ಪೆಟ್ಟಿಗೆ, ನಂಬರ್ ಎಲ್ಲಕ್ಕೂ ಒಂದೇ ಆದ್ದರಿಂದ ಕಂಪ್ಯೂಟರ್ ಪರದೆ ಮೇಲೆ ಬಂದಿದ್ದು 1.