ಕ್ರೀಮರ್ ಡಬ್ಬಿಯ ವಿಷಯ: ಕಾರವಾರದ ತಂಗಿಗೆ ಶಿರಸಿಯಿಂದ ಉತ್ತರ

ತಂಗಿ, ನೀನು ಗುಂಪಿನಲ್ಲಿ ಹಾಕಿದ, ಹಾಲಿನ ಬದಲು ಕಾಫಿಗೆ ಬೆರೆಸುವ ಕ್ರೀಮರ್ ಪುಡಿಯ ಡಬ್ಬಿಯ ಚಿತ್ರ ನೋಡಿದೆ. ಮಳೆ ಜೋರಾದ ದಿನ ಹಾಲಿನ ಪ್ಯಾಕೆಟ್ ತಡವಾಗಿ ಬರುತ್ತದೆ, ಯಜಮಾನರು ಬೆಳಗಿನ ಪಾಳಿಗೆ ಕೈಗಾ ಬಸ್ಸು ಹಿಡಿಯುವ ಮೊದಲು ಕಾಫಿ ಆಗಲೇಬೇಕು, ಇದನ್ನು ಮನೆಯಲ್ಲೇ ಮಾಡಬಹುದೇ ಎಂದು ಕೇಳಿದ್ದೀಯ. ಟೈಪ್ ಮಾಡುತ್ತ ಕುಳಿತರೆ ಮಧ್ಯಾಹ್ನದ ಅಡಿಗೆ ತಪ್ಪುತ್ತದೆ, ಅದಕ್ಕೆ ಮಾತಿನಲ್ಲೇ ಹೇಳುತ್ತೇನೆ. ಉದ್ದವಾದರೆ ಭಾವ ಬೇಸರಿಸಬೇಡಿ, ನಿಮಗೂ ಇದರಲ್ಲಿ ಉತ್ತರವಿದೆ.

ಮಾಡಬಹುದು, ಧಾರಾಳವಾಗಿ. ಆದರೆ ಡಬ್ಬಿಯೊಳಗಿನದು ಮನೆಯಲ್ಲಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದು. ಸಾಮಾನ್ಯವಾಗಿ ಮೊದಲು ಗ್ಲೂಕೋಸ್ ಸಿರಪ್ಪಿನ ಪುಡಿ, ಆಮೇಲೆ ಗಟ್ಟಿ ಮಾಡಿದ ಸಸ್ಯಜನ್ಯ ಎಣ್ಣೆ, ಅದರ ನಂತರ ಸೋಡಿಯಂ ಕೇಸಿನೇಟ್, ಕಾಫಿಯಲ್ಲಿ ಒಡೆಯದಂತೆ ಒಂದು ಫಾಸ್ಫೇಟ್, ಗಂಟು ಕಟ್ಟದಂತೆ ಇನ್ನೊಂದು ಪುಡಿ. ಸಕ್ಕರೆಯನ್ನೂ ಎಣ್ಣೆಯನ್ನೂ ಹಾಲಿನ ಬಣ್ಣಕ್ಕೆ ತಂದು ನಮಗೆ ಮಾರುತ್ತಾರೆ ಎಂದೇ ನನ್ನ ಅಭಿಪ್ರಾಯ. ನ್ಯಾಯವಾಗಿ ಹೇಳಬೇಕೆಂದರೆ ಎಣ್ಣೆಯ ವಿಷಯದಲ್ಲಿ ಈಗ ಮೊದಲಿನಷ್ಟು ಹೆದರಿಕೆ ಇಲ್ಲ. 2022ರ ಜನವರಿಯಿಂದ ಇಂಥ ಎಣ್ಣೆ, ಕೊಬ್ಬುಗಳಲ್ಲಿ ಹೃದಯಕ್ಕೆ ಕೆಟ್ಟದಾದ ಟ್ರಾನ್ಸ್ ಕೊಬ್ಬು ಶೇಕಡಾ 2ನ್ನು ಮೀರುವಂತಿಲ್ಲ.

ಭಾವ, "ಹಾಲಿಲ್ಲದ ಪುಡಿ ಎಂದು ಡಬ್ಬಿಯ ಮೇಲೇ ಇದೆ, ಹಾಲಿನ ಅಲರ್ಜಿ ಇರುವ ಸೊಸೆಗೂ ಆಗುತ್ತದೆ" ಎಂದು ನೀವು ಬರೆದಿದ್ದೀರಿ. ದಯವಿಟ್ಟು ಕೊಡಬೇಡಿ. ಆ ಕೇಸಿನೇಟ್ ಬರುವುದೇ ಹಾಲಿನಿಂದ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವುದು ಹಾಲಿನ ಸಕ್ಕರೆ ಅರಗದೆ, ಅಂಥವರಿಗೆ ಈ ಪುಡಿ ನಡೆದೀತು. ಅಲರ್ಜಿ ಇರುವುದು ಹಾಲಿನ ಪ್ರೋಟೀನಿಗೆ, ಅದು ಇದರಲ್ಲಿ ಇದ್ದೇ ಇದೆ. ಸೊಸೆಗೆ ಬೇರೆ ದಾರಿ ಆಮೇಲೆ ಹೇಳುತ್ತೇನೆ.

ತಂಗಿ, ನಿನಗೆ ಬೇಕಾದದ್ದು ಪುಡಿ. ಎರಡು ಲೋಟ ಕೆನೆಭರಿತ ಹಾಲಿನ ಪುಡಿಗೆ ಅರ್ಧ ಲೋಟ ಸಕ್ಕರೆ, ನಾಲ್ಕು ಏಲಕ್ಕಿಯ ಕಾಳು. ಸಕ್ಕರೆ, ಏಲಕ್ಕಿಯನ್ನು ಮೊದಲು ಮಿಕ್ಸಿಯಲ್ಲಿ ನುಣ್ಣಗೆ ಬೀಸಿ ಜರಡಿ ಹಿಡಿ, ಆಮೇಲೆ ಹಾಲಿನ ಪುಡಿ ಬೆರೆಸಿ ಇನ್ನೊಮ್ಮೆ ಜರಡಿ ಹಿಡಿ. ಅಂಗಡಿಯಲ್ಲಿ ಡೇರಿ ವೈಟ್ನರ್ ಎಂದು ಕೊಟ್ಟರೆ ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಮೊದಲೇ ಸೇರಿರುತ್ತದೆ, ನೋಡಿಕೊಂಡು ಹಾಕು. ನಿಮ್ಮ ಕಡಲ ಗಾಳಿಗೆ ಉಪ್ಪೇ ನೀರಾಗುವಾಗ ಇದೇನು ಮಹಾ, ಆದ್ದರಿಂದ ಒಂದೇ ದೊಡ್ಡ ಡಬ್ಬಿ ಬೇಡ. ಚೆನ್ನಾಗಿ ಒಣಗಿದ ಎರಡು ಮೂರು ಸಣ್ಣ ಬಾಟಲಿಗಳಿಗೆ ತುಂಬಿ ಒಂದನ್ನು ಮಾತ್ರ ಬಳಕೆಗೆ ತೆಗೆ. ಒದ್ದೆ ಚಮಚ ಮುಟ್ಟಿಸಬೇಡ.

ಪುಡಿಯನ್ನು ಬಿಸಿ ಡಿಕಾಕ್ಷನ್ ಮೇಲೆ ಸುರಿದರೆ ಗಂಟು ತೇಲುತ್ತದೆ, ಎಷ್ಟು ಕಲಕಿದರೂ ಒಳಗೆ ಒಣಪುಡಿ ಉಳಿಯುತ್ತದೆ. ಮೊದಲು ಲೋಟಕ್ಕೆ ಎರಡು ಚಮಚ ಪುಡಿ, ಅದು ನೆನೆಯುವಷ್ಟೇ ಉಗುರುಬೆಚ್ಚಗಿನ ನೀರು. ಚಮಚದ ಬೆನ್ನಿನಿಂದ ಲೋಟದ ಗೋಡೆಗೆ ಒತ್ತಿ ಉಜ್ಜು, ಹೊಳಪು ಬರುವವರೆಗೆ. ಆಮೇಲೆ ಡಿಕಾಕ್ಷನ್, ಕೊನೆಗೆ ಬಿಸಿನೀರು.

ಕುಕ್ಕರ್ ಕೂಗಿತು, ಒಂದು ನಿಮಿಷ. ಹಾಂ, ಆಫ್ ಮಾಡಿದೆ.

ಭಾನುವಾರಕ್ಕೆ, ನೆಂಟರು ಬಂದಾಗಿನ ದಪ್ಪ ಕಾಫಿಗೆ ದ್ರವದ ಕ್ರೀಮರ್ ಚೆನ್ನ. ಅರ್ಧ ಲೀಟರ್ ಗಟ್ಟಿ ಹಾಲು, ಐದು ದೊಡ್ಡ ಚಮಚ ಸಕ್ಕರೆ, ದಪ್ಪ ತಳದ ಪಾತ್ರೆ, ಸಣ್ಣ ಉರಿ. ಸೌಟು ಕೈಯಲ್ಲೇ ಇರಲಿ. ಪಾತ್ರೆಯ ಅಂಚಿನಲ್ಲಿ ಹಳದಿ ಕೆನೆಯ ಉಂಗುರ ಕಟ್ಟುತ್ತದೆ, ಅದನ್ನು ಆಗಾಗ ಕೆರೆದು ಹಾಲಿಗೇ ಬಿಡು, ಸ್ವಾದವೆಲ್ಲ ಅಲ್ಲಿದೆ. ಗುಳ್ಳೆಗಳು ಸಣ್ಣವಿದ್ದದ್ದು ದೊಡ್ಡದಾಗಿ, ನಿಧಾನವಾಗಿ ಒಡೆಯತೊಡಗಿದರೆ ಅರ್ಧಕ್ಕೆ ಇಳಿದಿದೆ ಎಂದು ತಿಳಿ. ಚಿಟಿಕೆಯಲ್ಲಿ ಕಾಲುಭಾಗ ಅಡಿಗೆ ಸೋಡಾ ಹಾಕಿದರೆ ಡಬ್ಬಿಯ ಫಾಸ್ಫೇಟ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ಜಾಸ್ತಿಯಾದರೆ ಸಾಬೂನಿನ ರುಚಿ. ಸೋಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸು, ಕರೆಂಟು ಗಂಟೆಗಟ್ಟಲೆ ಹೋದರೆ ಅಷ್ಟು ದಿನ ನಂಬಬೇಡ. ಇಷ್ಟೂ ಕಾಯಲು ಪುರುಸೊತ್ತಿಲ್ಲದಿದ್ದರೆ ಒಂದು ಡಬ್ಬಿ ಮಿಲ್ಕ್‌ಮೇಡ್‌ಗೆ ಅದೇ ಡಬ್ಬಿಯಲ್ಲಿ ಅಳೆದ, ಕಾಯಿಸಿ ಆರಿಸಿದ ಹಾಲು ಸೇರಿಸಿ ಕದಡಿದರೆ ಆಯಿತು. ನನಗೆ ಅದು ತೀರಾ ಸಿಹಿ.

ಅತ್ತಿಗೆ, ಸಕ್ಕರೆ ಯಾಕೆ, ಆಲೆಮನೆಯ ಜೋನಿ ಬೆಲ್ಲ ಇದೆಯಲ್ಲ ಎಂದು ನೀವು ಕೇಳಿದ್ದೀರಿ. ರುಚಿಯಲ್ಲಿ ಅದನ್ನು ಸಕ್ಕರೆ ಮೀರಿಸುವುದಿಲ್ಲ, ಒಪ್ಪಿದೆ. ಆದರೆ ಬೆಲ್ಲದಲ್ಲಿ ಹುಳಿಯ ಅಂಶವಿದೆ, ಕಾಫಿಯಲ್ಲೂ ಇದೆ, ಹುಳಿಯೂ ಕಾವೂ ಒಟ್ಟಾದರೆ ಹಾಲು ಒಡೆಯುತ್ತದೆ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಮೊದಲು ಅಂಚಿನಲ್ಲಿ ಚಿರೋಟಿ ರವೆಯಂಥ ಕಾಳು ಕಾಣಿಸುತ್ತದೆ, ನೋಡನೋಡುತ್ತಲೇ ನೀರು ಬೇರೆಯಾಗುತ್ತದೆ. ಬೆಲ್ಲ ಬೇಕಿದ್ದರೆ ಕಾಫಿ ಬೆರೆಸಿ, ಕುಡಿಯುವಷ್ಟು ಬಿಸಿಗೆ ಬಂದ ಮೇಲೆ ಲೋಟಕ್ಕೆ ಹಾಕಿಕೊಳ್ಳಿ. ನಿನ್ನೆಯ ಡಿಕಾಕ್ಷನ್ ಮತ್ತೆ ಕುದಿಸಿದರೂ ಇದೇ ಗತಿ, ಇಟ್ಟಷ್ಟೂ ಹುಳಿ ಏರುತ್ತದೆ.

ಇನ್ನು ಸೊಸೆಯ ವಿಷಯ. ಭಾವ, ನಮ್ಮ ಕರಾವಳಿಯಲ್ಲಿ ಗೇರುಬೀಜಕ್ಕೇನು ಬರ. ಕಾಲು ಲೋಟ ಹುರಿಯದ ಗೋಡಂಬಿಯನ್ನು, ತುಂಡಾದರೂ ಸರಿ, ನಾಲ್ಕು ತಾಸು ನೆನೆಸಿ ಆ ನೀರು ಚೆಲ್ಲಿ, ಒಂದು ಲೋಟ ಹೊಸ ನೀರಿನಲ್ಲಿ ನುಣ್ಣಗೆ ರುಬ್ಬಿ ತೆಳು ಬಟ್ಟೆಯಲ್ಲಿ ಹಿಂಡಿ. ಸಣ್ಣ ಉರಿಯಲ್ಲಿ ಕದಡುತ್ತ ಬಿಸಿ ಮಾಡಿದರೆ ತಾನಾಗಿ ದಪ್ಪಗಾಗುತ್ತದೆ. ಫ್ರಿಜ್ಜಿನಲ್ಲಿ ಎರಡು ಮೂರು ದಿನ. ಗೇರುಬೀಜವೂ ಕೆಲವರಿಗೆ ಆಗುವುದಿಲ್ಲ, ಮೊದಲು ಅವಳನ್ನೇ ಕೇಳಿ. ತೆಂಗಿನ ಹಾಲು ಕುಮಟೆಯ ಚಿಕ್ಕಮ್ಮನಿಗೆ ಇಷ್ಟ, ನನಗೆ ಕಾಫಿಯಲ್ಲಿ ಬೇಡ. ಹಾಕುವುದಾದರೆ ಮೊದಲ ಹಿಂಡಿನ ಗಟ್ಟಿ ಹಾಲು, ಕುದಿಸದೆ, ಅದೇ ದಿನ. ಕುದಿಸಿದರೆ ಎಣ್ಣೆ ಮೇಲೆ ಬರುತ್ತದೆ.

ಏಲಕ್ಕಿ ಕಾರವಾರದ ಪೇಟೆಯಲ್ಲಿ ಕೊಳ್ಳಬೇಡ, ತಂಗಿ. ತೋಟದ್ದು ಒಣಗಿಸಿ ಇಟ್ಟಿದ್ದೇನೆ. ಈ ವಾರ ಆ ಕಡೆ ಯಾರಾದರೂ ಹೊರಟಿದ್ದರೆ ಗುಂಪಿನಲ್ಲಿ ತಿಳಿಸಿ, ಬಸ್ ನಿಲ್ದಾಣಕ್ಕೆ ತಂದು ಕೊಡುತ್ತೇನೆ.