ಅಪ್‌ಡೇಟ್: ಆಪ್ತಸಮಾಲೋಚನೆಯ ಕೆಲಸದಲ್ಲೇ ಉಳಿದಿದ್ದೇನೆ

ಸ್ವಂತ ಪ್ರಾಕ್ಟೀಸ್‌ನಲ್ಲಿ ಸಂಜೆಯಾಗುತ್ತಲೇ ಬಸವಳಿದು ಹೋಗ್ತೀನಿ, ಸೈಕಾಲಜಿಸ್ಟ್ ಆಗಿ ಬಹುಕಾಲ ಉಳಿಯೋದು ಹೇಗೆ ಅಂತ ಕೇಳಿದ್ದೆನಲ್ಲ, ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನಿಜಕ್ಕೂ ಕೈಹಿಡಿದದ್ದು ಈ ವೃತ್ತಿಯ ಹಿರಿಯರೊಬ್ಬರ ಬಳಿ ನಿಯಮಿತವಾಗಿ ಸೂಪರ್‌ವಿಷನ್ (ನಮ್ಮ ಕೇಸುಗಳ ಬಗ್ಗೆ ಮಾರ್ಗದರ್ಶನ) ತಗೊಳ್ಳಿ ಅನ್ನೋ ಸಲಹೆ. ಕ್ಲೈಂಟ್ ಗುರುತು ಬಿಟ್ಟುಕೊಡದೆ ಕಷ್ಟದ ಕೇಸುಗಳನ್ನು ಚರ್ಚಿಸ್ತೀವಿ. ಒಬ್ಬಳೇ ಹೊತ್ತುಕೊಂಡು ಮನೆಗೆ ಹೋಗೋದು ತಪ್ಪಿದೆ. ಸೆಷನ್ ಮುಗಿದ ಕೂಡಲೇ ನೋಟ್ಸ್ ಬರೆಯೋದೂ ಉಪಯೋಗಕ್ಕೆ ಬಂತು. ವಾರದ ಮಧ್ಯೆ ರಜೆ ಮಾತ್ರ ಆಗಿಬರಲಿಲ್ಲ, ಆ ಭಾರ ಉಳಿದ ದಿನಗಳ ಮೇಲೆ ಬಿತ್ತು.

ಅಚ್ಚರಿಯಾದದ್ದು ಬೇರೆ. ಅಮೆರಿಕದ ಸೈಕಾಲಜಿಸ್ಟ್ ಕ್ರಿಸ್ಟಿನಾ ಮಾಸ್ಲಾಕ್ ಅವರ 1981ರ ಬರ್ನ್‌ಔಟ್ (ಕೆಲಸದ ಒತ್ತಡದಿಂದ ಬಸವಳಿಯೋದು) ಮಾಪನದಲ್ಲಿ ದಣಿವಿನ ಜೊತೆ ಜನರ ಬಗ್ಗೆ ನಿರ್ಲಿಪ್ತತೆ, ಸಾಧನೆಯ ಭಾವ ಕುಗ್ಗೋದು ಕೂಡ ಇವೆ. ನನಗೆ ಕಾಣಿಸುತ್ತಿದ್ದದ್ದು ದಣಿವೊಂದೇ. ನಿರ್ಲಿಪ್ತತೆಯನ್ನು ಗುರುತಿಸಿದ್ದು ಆ ಹಿರಿಯರು. ಅದೇ ಮೊದಲು ಕರಗಿತು. ದಣಿವು ಇನ್ನೂ ಸ್ವಲ್ಪ ಇದೆ.