ಅಪ್‌ಡೇಟ್: ತುಮಕೂರಿನಿಂದ ದೆಹಲಿಗೆ ಎಲೆಕ್ಟ್ರಿಕ್ ಕಾರಲ್ಲಿ ಹೋಗಿ ಬಂದೆವು

ದೆಹಲಿಗೆ ಎಲೆಕ್ಟ್ರಿಕ್ ಕಾರಲ್ಲಿ ಹೋಗಬಹುದಾ, ಶಿರಾ ದಾಟುವಷ್ಟರಲ್ಲೇ ಚಾರ್ಜ್ ಸರ್ರನೆ ಇಳಿಯುತ್ತದಲ್ಲ ಅಂತ ಹೊರಡುವ ಮುಂಚೆ ಇಲ್ಲಿ ಕೇಳಿದ್ದೆ. ವೇಗ ಇಳಿಸಿ, ಪ್ರತಿ ಸಲ ಪೂರ್ತಿ ಚಾರ್ಜ್ ಮಾಡಿ, ಲಾಡ್ಜ್‌ನಲ್ಲಿ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ಅಂತೆಲ್ಲ ಸಲಹೆ ಬಂದಿದ್ದವು. ಮೊನ್ನೆ ಮನೆ ಸೇರಿದೆವು. ನಮ್ಮೂರ ಪಕ್ಕದ ರಾಷ್ಟ್ರೀಯ ಹೆದ್ದಾರಿ 48 ಪುಣೆ, ಉದಯಪುರ, ಜೈಪುರದ ಮೇಲೆ ದೆಹಲಿಯವರೆಗೂ ಹೋಗುತ್ತದೆ. ಅದನ್ನೇ ಹಿಡಿದೆವು.

ಕೈಹಿಡಿದದ್ದು "ವೇಗ ಇಳಿಸಿ" ಅಂದವರ ಮಾತು. 100 ಬಿಟ್ಟು 80ರಲ್ಲಿ ಓಡಿಸಿದೆ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆಯೇ ಸುಮಾರು ಒಂದೂವರೆ ಪಟ್ಟಾಗುತ್ತದೆ. ಶಿರಾ ಹತ್ತಿರ ಇಳಿಯುತ್ತಿದ್ದ ಚಾರ್ಜ್‌ಗೆ ಕಾರಣ ಅದೇ. ಅವರಿಗೆ ತುಂಬಾ ಥ್ಯಾಂಕ್ಸ್!

ಪ್ರತಿ ಸಲ ನೂರು ಪರ್ಸೆಂಟ್ ತುಂಬಿಸುವ ಸಲಹೆ ಆಗಿಬರಲಿಲ್ಲ. ಫಾಸ್ಟ್ ಚಾರ್ಜರ್‌ನಲ್ಲಿ 80 ದಾಟಿದ ಮೇಲೆ ತುಂಬಾ ನಿಧಾನ. ಚಿತ್ರದುರ್ಗದಲ್ಲಿ ಸುಮ್ನೆ ಕಾದು ಕೂತೆವು. ಆಮೇಲೆ 80 ಆದ ತಕ್ಷಣ ಹೊರಟೆವು.

ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಬೇಡವೇ ಬೇಡ. ಉದಯಪುರದ ಲಾಡ್ಜ್‌ನಲ್ಲಿ ಹಾಕಿದ್ದೆ. ಅರ್ಧ ಗಂಟೆಗೆ ವೈರ್ ಮುಟ್ಟಿದರೆ ಕೈ ಸುಡುವಷ್ಟು ಬಿಸಿ, ಪ್ಲಗ್ ಮೆತ್ತಗಾಗಿತ್ತು. ಭಯವಾಯಿತು. ಅಲ್ಲಿಯ ಹುಡುಗ ಕಾರನ್ನು ಅಡುಗೆಮನೆ ಹಿಂದೆ ನಿಲ್ಲಿಸಲು ಹೇಳಿ, ಗ್ರೈಂಡರ್‌ನ 16 ಆಂಪ್ ಸಾಕೆಟ್‌ಗೆ ನೇರವಾಗಿ ಹಾಕಿಕೊಟ್ಟ. ಅದರಲ್ಲಿ ಗಂಟೆಗೆ ಸುಮಾರು 3 ಯೂನಿಟ್, ರಾತ್ರಿಯಿಡೀ ಬಿಟ್ಟರೆ ಸಾಕು. ಅರ್ಥಿಂಗ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ.

ಜಾಸ್ತಿ ಖುಷಿ ಕೊಟ್ಟದ್ದು ಖಂಡಾಲಾ ಘಾಟ್. ಮುಂಬೈ ಕಡೆ ಇಳಿಯುವಾಗ ಕಾಲು ಬ್ರೇಕ್ ಮೇಲೆ ಹೋಗಲೇ ಇಲ್ಲ. ಇಳಿಜಾರಲ್ಲಿ ಮೋಟರೇ ಕಾರನ್ನು ತಡೆದು, ಹಾಗೆ ಹುಟ್ಟಿದ ಕರೆಂಟನ್ನು ಬ್ಯಾಟರಿಗೆ ತುಂಬಿಸುತ್ತದೆ. ಕೆಳಗೆ ಬರುವಷ್ಟರಲ್ಲಿ ಬ್ಯಾಟರಿ 3 ಪರ್ಸೆಂಟ್ ಏರಿತ್ತು. ಹಿಂದೆ ಕೂತಿದ್ದ ಮಗಳು ಒಂದೊಂದು ಅಂಕಿ ಏರಿದಾಗಲೂ ಕೂಗಿ ಹೇಳುತ್ತಿದ್ದಳು.